ನರ್ಸಮ್ಮನ ಮನೆ

ನಮ್ಮ ಬೀದಿಯಲ್ಲಿ ನಮ್ಮ ಮನೆಗೆ ‘ನರ್ಸಮ್ಮನ ಮನೆ’ ಎಂದೇ ಹೆಸರು. ತಂದೆಯವರು ಪ್ರೌಢಶಾಲೆಯ ಉಪಾಧ್ಯಾಯರು. ಬಾಗಿಲ ಮೇಲಿದ್ದುದು ಅವರ ಹೆಸರಿನ ಫಲಕವೇ. ಆದರೂ ಅಂಚೆಯವನಿಂದ ಹಿಡಿದು ಸೊಪ್ಪು ಮಾರುವವಳವರೆಗೆ ಆ ಫಲಕವನ್ನು ಲಕ್ಷಿಸಿದವರಿಲ್ಲ. ಮಲೆನಾಡಿನ ಅಂಚಿನ ಒಂದು ಜಿಲ್ಲಾ ಕೇಂದ್ರ ಅದು. ನಮ್ಮ ತಾಯಿ 1966ರಲ್ಲಿ ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ದಾದಿಯಾಗಿ ಸೇರಿದರು. ನಡುವೆ ನಾಲ್ಕು ವರ್ಷಗಳ ವರ್ಗಾವಣೆಯೊಂದನ್ನು ಬಿಟ್ಟರೆ ಅಲ್ಲಿಯೇ ದುಡಿದು 2002ರಲ್ಲಿ ನಿವೃತ್ತರಾದರು. ಆಸ್ಪತ್ರೆಯಲ್ಲಿ ಅವರು ಮಾಡಿದ ಕೆಲಸವನ್ನು ಬಣ್ಣಿಸಬಲ್ಲವರು ಬೇರೆಯವರಿದ್ದಾರೆ. ಆದರೆ ಆ ಕೆಲಸ ಆಸ್ಪತ್ರೆಯ ಗೇಟಿನಲ್ಲಿ ನಿಂತುಬಿಡುತ್ತಿರಲಿಲ್ಲ. ಪಾಳಿ ಮುಗಿದ ಮೇಲೆ ಅವರ ಹಿಂದೆಯೇ ಮನೆಗೂ ಬರುತ್ತಿತ್ತು. ನಾನು ಹೇಳಹೊರಟಿರುವುದು ಅದರ ವಿಷಯ.

ಮನೆಗೆ ಬಂದವರೇ ತಾಯಿ ಹಿತ್ತಲ ಬಾಗಿಲಿನಿಂದ ನೇರವಾಗಿ ಬಚ್ಚಲಿಗೆ ಹೋಗುವರು. ಉಟ್ಟ ಬಿಳಿಯ ಸೀರೆ ಬಕೆಟ್ಟಿಗೆ, ಚಪ್ಪಲಿ ಕಲ್ಲಿನ ಮೇಲಕ್ಕೆ. ಸ್ನಾನವಾಗುವ ತನಕ ಮಕ್ಕಳಾದ ನಾವು ಹತ್ತಿರ ಸುಳಿಯುವಂತಿಲ್ಲ. ಈ ನಿಯಮವನ್ನು ಅವರಿಗಿಂತ ಕಟ್ಟುನಿಟ್ಟಾಗಿ ಕಾಯುತ್ತಿದ್ದವರು ನಮ್ಮ ಅಜ್ಜಿ, ಎಂದರೆ ತಂದೆಯವರ ತಾಯಿ. ಅಜ್ಜಿಯದು ಹಳೆಯ ಕಾಲದ ಮಡಿ. ಹತ್ತೂ ಜನರ ಮೈ ಮುಟ್ಟಿ, ರಕ್ತ ಬಸಿರು ಬಾಣಂತನಗಳ ನಡುವೆ ನಿಂತು ಬಂದ ಸೊಸೆ ಸ್ನಾನ ಮಾಡದೆ ಅಡಿಗೆಮನೆಯ ಹೊಸ್ತಿಲು ತುಳಿಯುವುದುಂಟೆ? ಒಂದೇ ಚೊಂಬಿನ ನೀರಿನಿಂದ ಅತ್ತೆಯ ಪಾಲಿಗೆ ಮೈಲಿಗೆ ಕಳೆಯುತ್ತಿತ್ತು, ಸೊಸೆಯ ಪಾಲಿಗೆ ರೋಗಾಣು. ಹೀಗಾಗಿ ಆ ಒಂದು ವಿಷಯದಲ್ಲಿ ಅವರಿಬ್ಬರಿಗೂ ಜಗಳವೇ ಆಗಲಿಲ್ಲ.

ಜಗಳವಾಗುತ್ತಿದ್ದುದು ಬೇರೆಡೆ. ಕುದಿಸಿದ ನೀರು ಅಜ್ಜಿಗೆ ಸಪ್ಪೆ. ಅತ್ತೆಯೊಬ್ಬರು ಹೆರಿಗೆಗೆ ಬಂದಾಗ ಮಗುವಿನ ಹೊಕ್ಕುಳಿಗೆ ಬೂದಿ ಹಚ್ಚಹೊರಟ ಅಜ್ಜಿಯ ಕೈಯನ್ನು ತಾಯಿ ಹಿಡಿದು ನಿಲ್ಲಿಸಿದ್ದು ನಮ್ಮ ಮನೆಯ ಇತಿಹಾಸದಲ್ಲಿ ದೊಡ್ಡ ಪ್ರಕರಣ. ಆ ಬೂದಿಯಲ್ಲಿಯೂ ಕೊಳಕು ಕುಡುಗೋಲಿನಲ್ಲಿಯೂ ಅಡಗಿ ಬರುತ್ತಿದ್ದ ಧನುರ್ವಾಯು ನಮ್ಮ ದೇಶದ ಎಷ್ಟು ಹಸುಳೆಗಳನ್ನು ನುಂಗಿತೆಂಬುದಕ್ಕೆ ಲೆಕ್ಕವಿಲ್ಲ; ಹೆರಿಗೆಯ ಧನುರ್ವಾಯು ಭಾರತದಿಂದ ನಿವಾರಣೆಯಾಯಿತೆಂದು ಸಾರಲು 2015ರವರೆಗೆ ಕಾಯಬೇಕಾಯಿತು. ಆ ದಿನ ಮಾತ್ರ ಅಜ್ಜಿ, “ನಾನು ಏಳು ಹೆತ್ತವಳು, ನನಗೆ ಹೇಳಿಕೊಡಲು ಬಂದಳು” ಎಂದು ಊಟ ಬಿಟ್ಟು ಕುಳಿತರು. ಕೈ ತೊಳೆಯಿರೆಂದವರ ಮೇಲೆ ಸಿಟ್ಟಾದವರಲ್ಲಿ ನಮ್ಮ ಅಜ್ಜಿ ಮೊದಲಿಗರೇನಲ್ಲ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ತನ್ನ ವಾರ್ಡಿನವರಿಗೆ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ಕಟ್ಟಳೆ ಮಾಡಿದ. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ತಿಂಗಳಲ್ಲಿ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಆದರೂ ದೊಡ್ಡ ದೊಡ್ಡ ವೈದ್ಯರು ತಮ್ಮ ಕೈ ಕೊಳಕೆಂದು ಒಪ್ಪಿಕೊಳ್ಳಲು ವರ್ಷಗಟ್ಟಲೆ ಹಿಡಿಯಿತು.

ದಾದಿಯ ಮನೆಯಲ್ಲಿ ಪಂಚಾಂಗಕ್ಕಿಂತ ಡ್ಯೂಟಿ ಪಟ್ಟಿ ದೊಡ್ಡದು. ಬೆಳಗಿನ ಎಂಟರಿಂದ ಎರಡು, ಎರಡರಿಂದ ರಾತ್ರಿ ಎಂಟು, ಎಂಟರಿಂದ ಮರುದಿನ ಎಂಟು ಎಂಬ ಮೂರು ಪಾಳಿಗಳನ್ನು ತಂದೆಯವರು ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ನೀಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಎಷ್ಟೋ ವರ್ಷ ನಮ್ಮ ಮನೆಗೆ ಗೌರಿ ಬಂದದ್ದು ಸಂಜೆಗೆ. ದೀಪಾವಳಿಯ ಎಣ್ಣೆಸ್ನಾನ ನಡೆದದ್ದು ಮರುದಿನ. ಗಂಡಸು ಕಾಫಿ ಬೆರೆಸುವುದೂ ಮಗಳ ಜಡೆ ಹೆಣೆಯುವುದೂ ಆ ಬೀದಿಗೆ ಸೋಜಿಗವಾಗಿದ್ದ ಕಾಲದಲ್ಲಿ ನಮ್ಮ ತಂದೆಯವರು ಎರಡನ್ನೂ ಕಲಿತರು. ಜಡೆ ಮಾತ್ರ ಕೊನೆಯವರೆಗೂ ಸೊಟ್ಟಗೇ ಬರುತ್ತಿತ್ತೆನ್ನಿ.

ಇನ್ನು ಹಾಸಿಗೆಯ ವಿಚಾರ. ಹಾಸಿದ ಬಟ್ಟೆಯಲ್ಲಿ ಒಂದು ಸುಕ್ಕು ಉಳಿದರೆ ತಾಯಿ ಸಹಿಸರು. ಮೂಲೆಗಳನ್ನು ಮಡಿಸಿ ಬಿಗಿಯಾಗಿ ಒಳಗೆ ಸಿಕ್ಕಿಸಬೇಕು. ದಿಂಬಿನ ಚೀಲದ ತೆರೆದ ಬಾಯಿ ಬಾಗಿಲಿಗೆ ಎದುರಾಗಿರಕೂಡದು. ಒಣಬಟ್ಟೆಯಿಂದ ಧೂಳು ಹೊಡೆಯಕೂಡದು, ಒದ್ದೆಬಟ್ಟೆಯಿಂದ ಒರೆಸಬೇಕು. ಔಷಧದ ಸೀಸೆಯ ಚೀಟಿಯನ್ನು ಕೈಗೆತ್ತಿಕೊಂಡಾಗ ಒಮ್ಮೆ, ಬಗ್ಗಿಸುವ ಮುನ್ನ ಒಮ್ಮೆ, ಮರಳಿ ಇಡುವಾಗ ಒಮ್ಮೆ, ಒಟ್ಟು ಮೂರು ಬಾರಿ ಓದಬೇಕು. ಮನೆಯೊಳಗೆ ಯಾರೂ ಓಡಕೂಡದು. ದಾದಿ ಓಡಬಹುದಾದದ್ದು ಬೆಂಕಿ ಬಿದ್ದಾಗ ಅಥವಾ ರಕ್ತ ಹರಿಯುವಾಗ ಮಾತ್ರವೆಂಬ ಹಳೆಯ ಪಾಠ ಅವರದು. ಕಾಯಿಲೆಯವರ ಕೋಣೆಯ ಹೊರಗೆ ಪಿಸುಗುಟ್ಟುವುದಂತೂ ಮಹಾಪರಾಧ. “ಹೇಳುವುದಿದ್ದರೆ ಅವರ ಎದುರಿಗೇ ಹೇಳಿರಿ, ಇಲ್ಲವೇ ಅಂಗಳಕ್ಕೆ ಹೋಗಿರಿ” ಎಂದು ಬಂಧುಗಳಿಗೂ ಹೇಳಿಬಿಡುತ್ತಿದ್ದರು. ಇವೆಲ್ಲ ತಾಯಿಯ ಸ್ವಂತ ಹಟಗಳೆಂದು ನಾನು ಬಹಳ ಕಾಲ ನಂಬಿದ್ದೆ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕವನ್ನು ಮುಂದೆ ಓದಿದಾಗ, ಒದ್ದೆಬಟ್ಟೆಯೂ ಪಿಸುಮಾತಿನ ಕ್ರೌರ್ಯವೂ ಅಲ್ಲಿಯೇ ಇದ್ದುದನ್ನು ಕಂಡು ನಗು ಬಂತು. ಆಕೆ ಆ ಪುಸ್ತಕವನ್ನು ಬರೆದದ್ದು ದಾದಿಯರ ಪಠ್ಯವಾಗಿ ಅಲ್ಲ, ಮನೆಯಲ್ಲಿ ಇನ್ನೊಬ್ಬರ ಆರೋಗ್ಯದ ಹೊಣೆ ಹೊತ್ತ ಸಾಮಾನ್ಯ ಹೆಂಗಸರಿಗಾಗಿ. ಮನೆಯಿಂದ ಆಸ್ಪತ್ರೆಗೆ ಹೋದ ಪಾಠ ನಮ್ಮಲ್ಲಿ ಆಸ್ಪತ್ರೆಯಿಂದ ಮನೆಗೆ ಹಿಂದಿರುಗಿತ್ತು, ಅಷ್ಟೆ.

ಆಸ್ಪತ್ರೆಯ ಕಥೆಗಳನ್ನು ತಾಯಿ ಹೇಳುತ್ತಿದ್ದರು. ಹೆಸರುಗಳನ್ನು ಮಾತ್ರ ಹೇಳುತ್ತಿರಲಿಲ್ಲ. ಎಲ್ಲರೂ ‘ಏಳನೆಯ ಹಾಸಿಗೆ’, ‘ಕಿಟಕಿಯ ಪಕ್ಕದ ಮುದುಕಿ’. “ಮೇಲಿನ ಬೀದಿಯ ಹುಡುಗಿಗೆ ಏನಾಗಿತ್ತಂತೆ?” ಎಂದು ಕೇಳುವುದಕ್ಕೆಂದೇ ಸಕ್ಕರೆ ಸಾಲ ಬೇಡಿ ಬಂದ ನೆರೆಯವರಿದ್ದರು. ಸಕ್ಕರೆ ದೊರೆಯುತ್ತಿತ್ತು, ಉತ್ತರ ದೊರೆಯುತ್ತಿರಲಿಲ್ಲ. ಸಣ್ಣ ಊರಿನಲ್ಲಿ ಅದರ ಬೆಲೆ ಎಷ್ಟೆಂಬುದನ್ನು ಹೆಣ್ಣು ಹೆತ್ತವರು ಬಲ್ಲರು.

ಇಷ್ಟನ್ನು ಕೇಳಿ ನಮ್ಮದು ಮಾದರಿ ಮನೆಯೆಂದು ವಾಚಕರು ಭಾವಿಸಬಾರದು. ಹೊಟ್ಟೆನೋವು, ತಲೆನೋವು, ಮಂಡಿಯ ತರಚುಗಾಯ ಇವುಗಳಿಗೆ ನಮ್ಮ ಮನೆಯಲ್ಲಿ ಮರ್ಯಾದೆಯಿರಲಿಲ್ಲ. ಹಗಲೆಲ್ಲ ನಿಜವಾದ ನೋವನ್ನು ನೋಡಿ ಬಂದ ಕಣ್ಣಿಗೆ ನಮ್ಮ ನೋವು ಕಾಣುತ್ತಿರಲಿಲ್ಲ ಎಂಬುದು ನನ್ನ ಬಾಲ್ಯದ ದೊಡ್ಡ ದೂರು. 1979ರಲ್ಲಿ, ನನಗೆ ಹನ್ನೊಂದು ವರ್ಷವಾಗಿದ್ದಾಗ, ಸೀಬೆಮರದಿಂದ ಬಿದ್ದು ಮಣಿಕಟ್ಟು ನೋಯಿಸಿಕೊಂಡೆ. ರಾತ್ರಿ ಪಾಳಿ ಮುಗಿಸಿ ಬಂದಿದ್ದ ತಾಯಿ, “ಬೆರಳು ಆಡಿಸು” ಎಂದರು. ಆಡಿಸಿದೆ. “ಏನೂ ಆಗಿಲ್ಲ, ಹೋಗು” ಎಂದು ಮಲಗಿದರು. ಮೂರು ದಿನ ಕಳೆದ ಮೇಲೆ ಚಿತ್ರ ತೆಗೆಸಿದಾಗ ಮೂಳೆಯಲ್ಲಿ ಕೂದಲೆಳೆಯಂತಹ ಬಿರುಕು. ತಾಯಿ ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ. ಕೈಗೆ ಪಟ್ಟಿ ಇದ್ದ ಆರು ವಾರವೂ, ಯಾವ ಪಾಳಿಯಿದ್ದರೂ, ನನ್ನ ತಲೆ ಬಾಚುವ ಕೆಲಸವನ್ನು ತಂದೆಯವರಿಗೆ ಬಿಡದೆ ತಾವೇ ಮಾಡಿದರು.

ಆದರೆ ಅದಕ್ಕೆ ಒಂದು ವರ್ಷ ಮುಂಚೆ ನಡೆದುದನ್ನೂ ಹೇಳಬೇಕು. ಮೂರು ವರ್ಷದ ನನ್ನ ತಮ್ಮನಿಗೆ ಕೆಮ್ಮು ಜ್ವರ ಬಂದು ಎರಡು ದಿನ ಮನೆ ಹಾರಿಹೋಗುವಂತೆ ಅತ್ತ. ತಾಯಿ ಒದ್ದೆಬಟ್ಟೆ ಹಾಕಿದರು, ನೀರು ಕುಡಿಸಿದರು, ಡ್ಯೂಟಿಗೆ ಹೋದರು. ನೋಡಿದವರೆಲ್ಲ ಕಲ್ಲೆದೆ ಎಂದರು. ಮೂರನೆಯ ದಿನ ಮಗು ಅಳು ನಿಲ್ಲಿಸಿತು. ರಾತ್ರಿ ಎಂಟೂವರೆಗೆ ತಾಯಿ ಬಂದಾಗ ಅಜ್ಜಿ, “ಈಗ ಸುಮ್ಮನಾಗಿದ್ದಾನೆ, ಎಬ್ಬಿಸಬೇಡ” ಎಂದರು. ಆ ಒಂದು ಮಾತಿಗೆ ತಾಯಿಯ ಮುಖ ಬದಲಾಯಿತು. ಬಚ್ಚಲಿನಿಂದ ಒದ್ದೆಗೂದಲಿನಲ್ಲಿಯೇ ಬಂದು ಅವನ ಪಕ್ಕದಲ್ಲಿ ಕುಳಿತು ಮಣಿಕಟ್ಟು ಹಿಡಿದರು. ದೃಷ್ಟಿ ಗಡಿಯಾರದಿಂದ ಎದೆಗೆ, ಎದೆಯಿಂದ ಗಡಿಯಾರಕ್ಕೆ. ನಾಡಿ ನೋಡುತ್ತಿದ್ದಾರೆಂದೇ ನಾವೆಲ್ಲ ತಿಳಿದೆವು. ಅದು ದಾದಿಯರ ಒಂದು ಉಪಾಯ. ಉಸಿರು ಎಣಿಸುತ್ತಿದ್ದಾರೆಂದು ತಿಳಿದರೆ ಯಾರಾದರೂ ಸರಿಯೆ, ಉಸಿರಾಟದ ಗತಿಯನ್ನು ಅರಿಯದೆಯೇ ಬದಲಿಸಿಬಿಡುತ್ತಾರೆ. ಅದಕ್ಕಾಗಿ ನಾಡಿ ಹಿಡಿದವರಂತೆ ನಟಿಸಿ ಎದೆಯ ಏರಿಳಿತವನ್ನು ಎಣಿಸುವುದು. ನಿಮಿಷಕ್ಕೆ 56. ಪಕ್ಕೆಯ ಕೆಳಭಾಗ ಪ್ರತಿ ಉಸಿರಿಗೂ ಒಳಸರಿಯುತ್ತಿತ್ತು. ಕೆಮ್ಮಿರುವ ಮಗು, ಒಂದರಿಂದ ಐದು ವರ್ಷದೊಳಗಿನದಾದರೆ ನಿಮಿಷಕ್ಕೆ 40, ಎರಡು ತಿಂಗಳಿನಿಂದ ಒಂದು ವರ್ಷದೊಳಗಿನದಾದರೆ 50 ಉಸಿರನ್ನು ಮುಟ್ಟಿದರೆ ನ್ಯುಮೋನಿಯವೆಂದು ಶಂಕಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆ ಮುಂದೆ ಹಳ್ಳಿಯ ಕಾರ್ಯಕರ್ತೆಯರಿಗೂ ಕಲಿಸಿದ ಲೆಕ್ಕ. ತಾಯಂದಿರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ತಾಯಿ ಮಗುವನ್ನು ಶಾಲಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಟರು. ಓಡಲಿಲ್ಲ. ತಂದೆಯವರು ಲಾಂದ್ರ ಹಿಡಿದು ಹಿಂದೆ ಓಡಬೇಕಾಯಿತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ತಮ್ಮ ಉಳಿದು ಬಂದ. “ಅಳುವ ಮಗುವಿಗೆ ಶಕ್ತಿಯಿದೆ. ವಾರ್ಡಿನಲ್ಲಿ ನಾವು ಮೊದಲು ಹೋಗುವುದು ಸುಮ್ಮನೆ ಮಲಗಿದ ಮಗುವಿನ ಹತ್ತಿರ” ಎಂದು ತಾಯಿ ಆಮೇಲೆ ಅಜ್ಜಿಗೆ ಹೇಳಿದರು. ಶುಶ್ರೂಷೆ ಎಂಬ ಸಂಸ್ಕೃತ ಶಬ್ದದ ಮೂಲಾರ್ಥ ಕೇಳುವ ಇಚ್ಛೆ. ಕಿವಿಗೆ ಬೀಳದ್ದನ್ನೂ ಕೇಳಬೇಕಾದ ಕೆಲಸ ಅದೆಂದು ನನಗೆ ಹೊಳೆದದ್ದು ಆ ರಾತ್ರಿಯಲ್ಲ, ಬಹಳ ವರ್ಷಗಳ ತರುವಾಯ.

1981ರ ಮಳೆಗಾಲದಲ್ಲಿ ಅಜ್ಜಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿಯಿತು. ಎಂಬತ್ತರ ಹತ್ತಿರದ ವಯಸ್ಸು. ಶಸ್ತ್ರಚಿಕಿತ್ಸೆ ಬೇಡವೆಂದು ಹಿರಿಯರು ತೀರ್ಮಾನಿಸಿದರು. ಅಲ್ಲಿಂದ ಇಪ್ಪತ್ತೆರಡು ತಿಂಗಳು ಹಾಸಿಗೆಯೇ. ಆಗ ನಮಗೆ ಸುಕ್ಕಿಲ್ಲದ ಹಾಸಿಗೆಯ ಅರ್ಥ ತಿಳಿಯಿತು. ಅಲುಗಾಡಲಾರದ ಮುದಿಮೈಗೆ ಒಂದು ಸುಕ್ಕು, ಒಂದು ಅಗುಳು ಸಾಕು, ಚರ್ಮ ಒಡೆಯಲು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗೋಡೆಗೆ ಒಂದು ಹಾಳೆ ಅಂಟಿಸಿದರು: ಎಡ, ಬಲ, ಬೆನ್ನು, ವೇಳೆ, ಮಾಡಿದವರ ಹೆಸರು. ಆರನೆಯ ತರಗತಿ ದಾಟಿದ ನನಗೂ ಒಂದು ಪಾಳಿ ಬಂತು, ತಂದೆಯವರಿಗೂ ಬಂತು. ಪಾಳಿ ಬಿಡುವವರು ಮುಂದಿನವರಿಗೆ ವರದಿ ಒಪ್ಪಿಸದೆ ಏಳುವಂತಿರಲಿಲ್ಲ. ಇಪ್ಪತ್ತೆರಡು ತಿಂಗಳಲ್ಲಿ ಅಜ್ಜಿಯ ಬೆನ್ನಿನ ಮೇಲೆ ಒಂದು ಹುಣ್ಣು ಏಳಲಿಲ್ಲ.

ಮೊದಮೊದಲು ಅಜ್ಜಿ, ತಾಯಿ ಆಸ್ಪತ್ರೆಯಿಂದ ಬಂದ ಸದ್ದಾದೊಡನೆ, “ಸ್ನಾನ ಮಾಡಿಕೊಂಡು ಬಂದು ಮುಟ್ಟು” ಎನ್ನುವರು. ಹಾಸಿಗೆ ಒದ್ದೆಯಾಗಿದ್ದರೂ ಹಾಗೆಯೇ ಬಿಗಿದುಕೊಂಡು ಮಲಗಿರುವರು. ನಾವು ಬದಲಿಸುತ್ತೇವೆಂದರೆ ನಾಚಿಕೆ. ಮುಂದಿನ ವರ್ಷದ ಬೇಸಗೆಯ ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿಯೇ ಇದ್ದೆ. ಹಿತ್ತಲ ಬಾಗಿಲು ಕಿರ್ರೆಂದಿತು. ಅಜ್ಜಿ ಕತ್ತೆತ್ತಿ, “ಬಂದೆಯೇನೆ? ಸ್ನಾನ ಆಮೇಲೆ ಮಾಡುವೆಯಂತೆ, ಮೊದಲು ಇಲ್ಲಿ ಬಾರೆ” ಎಂದರು. ತಾಯಿ ಬಂದರು. ಆದರೂ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡು, ಬೇರೊಂದು ಸೀರೆ ಸುತ್ತಿಕೊಂಡೇ ಬಂದರು. ಅಜ್ಜಿ 1983ರಲ್ಲಿ ತೀರಿಕೊಂಡರು. ಅಂದು ತಾಯಿ ಎಲ್ಲವನ್ನೂ ತಾವೇ ನಿಂತು ಮಾಡಿದರು, ಅಳಲಿಲ್ಲ. ಹನ್ನೊಂದನೆಯ ದಿನ ಆ ಗೋಡೆಯ ಹಾಳೆಯನ್ನು ಕೀಳಲು ಹೋದವರು ಅಲ್ಲಿಯೇ ಕುಳಿತುಬಿಟ್ಟರು.

ನನ್ನ ಮಗಳು ಈಗ ಬೆಂಗಳೂರಿನಲ್ಲಿ ದಾದಿ. ವಿಶ್ವ ಆರೋಗ್ಯ ಸಂಸ್ಥೆ 2020ನ್ನು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಸಾರಿತ್ತು, ಬಂದದ್ದು ಕೊರೋನಾ. ವಾರಗಟ್ಟಲೆ ಮನೆಗೆ ಬರಲಾಗದೆ ಹಾಸ್ಟೆಲಿನಲ್ಲಿ ಉಳಿದ ಅವಳು ಒಮ್ಮೆ ಊರಿಗೆ ಬಂದಾಗ ಯಾರೂ ಹೇಳದೆಯೇ ಹಿತ್ತಲ ಬಾಗಿಲಿಗೆ ಹೋದಳು. ಚಪ್ಪಲಿ ಅದೇ ಕಲ್ಲಿನ ಮೇಲೆ. ಆ ವರ್ಷ ಬೀದಿಯ ಪ್ರತಿ ಮನೆಯ ಮುಂದೆಯೂ ನೀರಿನ ಬಕೆಟ್ಟು, ಸೋಪು. ತಾಯಿ ಜಗುಲಿಯಲ್ಲಿ ಕುಳಿತು, ಬರುಹೋಗುವವರು ಕೈ ತೊಳೆಯುವುದನ್ನು ನೋಡಿ, “ಹೆಬ್ಬೆರಳು ಬಿಟ್ಟ” ಎಂದು ಗೊಣಗುತ್ತಿದ್ದರು.

ಅವರಿಗೀಗ ಎಂಬತ್ತು ದಾಟಿದೆ. ಕಳೆದ ಚಳಿಗಾಲದಲ್ಲಿ ಕೆಮ್ಮು ಹತ್ತಿ ಮಂಕಾಗಿ ಮಲಗಿದ್ದರು. ಎಂದಿಲ್ಲದ ಆ ಮೌನಕ್ಕೆ ನನಗೆ ದಿಗಿಲಾಯಿತು. ಪಕ್ಕದಲ್ಲಿ ಕುಳಿತು, ನಾಡಿ ನೋಡುವವಳಂತೆ ಮೆಲ್ಲನೆ ಮಣಿಕಟ್ಟು ಹಿಡಿದೆ. ತಾಯಿ ಕಣ್ಣು ತೆರೆಯದೆಯೇ ಹೇಳಿದರು:

“ಹದಿನೆಂಟು ಇದೆ. ಆಗಲೇ ಎಣಿಸಿದ್ದೇನೆ. ನೀನು ಹೋಗಿ ಊಟ ಮಾಡು.”