ನಡುವೆಯೇ ನಿಂತುಹೋಗುವ ಕಂಪ್ಯೂಟರ್



ತೋಟದ ಲೆಕ್ಕಕ್ಕೆಂದು ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿರುವ ಸದಸ್ಯರು ಈಗ ಕಡಿಮೆಯೇನಿಲ್ಲ. ಆಳುಗಳ ಬಟವಾಡೆ, ಗೊಬ್ಬರದ ಬಾಕಿ, ಕಾಫಿ ಚೀಲದ ಎಣಿಕೆ, ಅಡಿಕೆಯ ತೂಕ ಎಲ್ಲವೂ ಅದರ ಹೊಟ್ಟೆಯೊಳಗೆ ಸೇರಿರುತ್ತವೆ. ಅದು ಹೇಳದೆ ಕೇಳದೆ ಕೆಲಸದ ನಡುವೆ ನಿಂತುಹೋಗುತ್ತದೆ, ಏನು ಮಾಡಬೇಕು ಎಂದು ಸಂಘದ ಕಚೇರಿಗೆ ಬಂದು ವಿಚಾರಿಸುವವರೂ ಹೆಚ್ಚಾಗಿದ್ದಾರೆ. ಉತ್ತರವನ್ನು ರಾಯಚೂರು ಜಿಲ್ಲೆಯಿಂದ ಆರಂಭಿಸುತ್ತೇನೆ. ಭತ್ತ, ಹತ್ತಿ, ತೊಗರಿಯ ಆ ಸೀಮೆಗೂ ನಮ್ಮ ತೋಟಕ್ಕೂ ಏನು ಸಂಬಂಧವೆಂದು ಕೇಳಬಹುದು. ನಮ್ಮ ಮಕ್ಕಳು ಶಿಕ್ಷಕರಾಗಿ, ಬ್ಯಾಂಕ್ ನೌಕರರಾಗಿ ಅಲ್ಲಿಗೆ ಹೋಗಿದ್ದಾರೆ. ಅದಲ್ಲದೆ, ನಮ್ಮ ತಂಪು ಹವೆಯಲ್ಲಿ ವರ್ಷಗಟ್ಟಲೆ ಅಡಗಿ ಕುಳಿತಿರುವ ದೋಷ ಅಲ್ಲಿಯ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಹೊರಬೀಳುತ್ತದೆ.

ಕೊಪ್ಪದ ಕಡೆಯ ಸದಸ್ಯರೊಬ್ಬರ ಮಗ ಮಾನ್ವಿಯಲ್ಲಿ ಮೇಷ್ಟ್ರು. ಊರಿನಿಂದ ಒಯ್ದ ಹಳೆಯ ಕಂಪ್ಯೂಟರಿನಲ್ಲಿ ತಂದೆಯ ತೋಟದ ಲೆಕ್ಕವನ್ನು ಅವನೇ ಇಡುತ್ತಿದ್ದ. ಶನಿವಾರ ರಾತ್ರಿ ತಂದೆ ಫೋನಿನಲ್ಲಿ ಬಟವಾಡೆ ಓದಿ ಹೇಳುವುದು, ಮಗ ಅಲ್ಲಿ ಬರೆದುಕೊಳ್ಳುವುದು. ಫೆಬ್ರವರಿಯವರೆಗೆ ಯಾವ ತಕರಾರೂ ಇರಲಿಲ್ಲ. ಏಪ್ರಿಲ್ ಬಂದಾಗ ಬೆಳಿಗ್ಗೆ ಸರಾಗವಾಗಿ ನಡೆಯುತ್ತಿದ್ದ ಯಂತ್ರ ಮಧ್ಯಾಹ್ನ ಇಪ್ಪತ್ತೇ ನಿಮಿಷಕ್ಕೆ ಬಂದಾಗತೊಡಗಿತು. ಒಮ್ಮೆ ಬರೆದದ್ದನ್ನು ಉಳಿಸುವ ಹೊತ್ತಿನಲ್ಲೇ ನಿಂತು, ವರ್ಷದ ಬಟವಾಡೆಯ ಕಡತವೇ ಮತ್ತೆ ತೆರೆಯಲಿಲ್ಲ. ಯಾವ ಆಳಿಗೆ ಎಷ್ಟು ಮುಂಗಡ ಹೋಗಿದೆ ಎಂಬುದೆಲ್ಲ ಅದರಲ್ಲಿತ್ತು. ಪುಣ್ಯಕ್ಕೆ ತಂದೆ ತಮ್ಮ ಹಳೆಯ ರಟ್ಟಿನ ಪುಸ್ತಕವನ್ನು ಬಿಟ್ಟಿರಲಿಲ್ಲ.

ರಿಪೇರಿ ಅಂಗಡಿಯಲ್ಲಿ ಮೊದಲು ವಿದ್ಯುತ್ ಪೂರೈಸುವ ಡಬ್ಬಿಯನ್ನು, ಅಂದರೆ ಎಸ್‌ಎಂಪಿಎಸ್ಸನ್ನು, ಬದಲಾಯಿಸಿದರು. ಹಣ ಹೋಯಿತು, ರೋಗ ಹೋಗಲಿಲ್ಲ. ಎರಡನೆಯ ಸಲ "ಬೋರ್ಡೇ ಹೋಗ್ಯಾದ್ರಿ ಸರ, ಹೊಸದು ಹಾಕಸ್ರಿ" ಎಂದರಂತೆ. ಅಷ್ಟರಲ್ಲಿ ಸಹೋದ್ಯೋಗಿಯೊಬ್ಬರು ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಬಿಚ್ಚಿಸಿದರು. ಪ್ರೊಸೆಸರಿನ ಮೇಲೆ ಹೀಟ್‌ಸಿಂಕ್ ಎಂಬ ಅಲ್ಯೂಮಿನಿಯಂ ಬಾಚಣಿಗೆ ಇರುತ್ತದಷ್ಟೆ? ಅದರ ಹಲ್ಲುಗಳ ಸಂದಿಯಲ್ಲಿ ಹತ್ತಿಯ ಎಳೆ, ಭತ್ತದ ಹೊಟ್ಟು, ಎರೆಮಣ್ಣಿನ ಧೂಳು ಸೇರಿ ಕಂಬಳಿಯ ಹಾಗೆ ಕೂತಿತ್ತು. ಫ್ಯಾನ್ ತಿರುಗುತ್ತಿತ್ತು; ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ.

ಪಲ್ಪರ್ ಮೋಟಾರಿನ ಸ್ಟಾರ್ಟರ್ ಟ್ರಿಪ್ಪಾದರೆ ನಾವು ರಿಲೇಯನ್ನು ಬೈಯುವುದಿಲ್ಲ. ಬೆಲ್ಟ್ ಬಿಗಿಯಾಯಿತೇ, ಒಂದು ಫೇಸ್ ಹೋಯಿತೇ ಎಂದು ನೋಡುತ್ತೇವೆ. ಕಂಪ್ಯೂಟರಿನೊಳಗೂ ಅಂಥದೇ ಏರ್ಪಾಡು ಇದೆ. ಪ್ರೊಸೆಸರ್ ಸುಮಾರು 100 ಡಿಗ್ರಿಯ ಹತ್ತಿರ ಹೋದಾಗ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ; ಆಗಲೂ ಬಿಸಿ ಇಳಿಯದಿದ್ದರೆ ಸುಟ್ಟುಹೋಗುವ ಮುನ್ನ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ಬಂದಾಗುವ ಮುಂಚೆ ಯಂತ್ರ ಮಂದವಾಗಿ, ಫ್ಯಾನ್ ಜೋರಾಗಿ ಕೂಗತೊಡಗಿದರೆ ಇದೇ ಕಾರಣವೆಂದು ಬಹುಮಟ್ಟಿಗೆ ನಂಬಬಹುದು.

ಅದೇ ಯಂತ್ರ ಕೊಪ್ಪದಲ್ಲಿ ಏಕೆ ನಡೆಯಿತು? ಫ್ಯಾನು ಎಷ್ಟೇ ಬೀಸಿದರೂ ಚಿಪ್ಪನ್ನು ಕೊಠಡಿಯ ಗಾಳಿಗಿಂತ ತಂಪಾಗಿಸಲಾರದು. ಕೊಠಡಿ 25 ಡಿಗ್ರಿ ಇದ್ದಾಗ 80ಕ್ಕೆ ಏರುವ ಚಿಪ್, ಕೊಠಡಿ 42 ಆದಾಗ ಅದೇ ಕೆಲಸಕ್ಕೆ 97ರ ಸಮೀಪ ಹೋಗುತ್ತದೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದು ಸಾಮಾನ್ಯ. ಧೂಳಿನಲ್ಲಿ ಅರ್ಧದಷ್ಟು ನಮ್ಮೂರಿನಿಂದಲೇ ಹೋಗಿದ್ದಿರಬೇಕು, ಅದನ್ನು ತೋರಿಸಿಕೊಟ್ಟದ್ದು ಅಲ್ಲಿಯ ಬಿಸಿಲು.

ಪರೀಕ್ಷೆ ಸುಲಭ. ಯಂತ್ರ ತಾನಾಗಿ ನಿಂತ ಕೂಡಲೇ ಮತ್ತೆ ಚಾಲೂ ಮಾಡಿ, ಬಯಾಸ್ ಎಂಬ ಆರಂಭದ ಪರದೆಗೆ ಹೋಗಿ ಉಷ್ಣತೆಯನ್ನು ಓದಿರಿ. ಏನೂ ಕೆಲಸವಿಲ್ಲದ ಹೊತ್ತಿನಲ್ಲೂ 80, 85 ತೋರಿಸುತ್ತಾ ಏರುತ್ತಿದ್ದರೆ ಬೇರೆ ಸಾಕ್ಷಿ ಬೇಡ. ಶುಚಿ ಮಾಡುವಾಗ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಬಳಿಕ ತಗಡು ತೆಗೆಯಿರಿ. ಮೆತ್ತನೆಯ ಕುಂಚ ಮತ್ತು ಕೈ ಬ್ಲೋವರ್ ಸಾಕು. ಗಾಳಿ ಹೊಡೆಯುವಾಗ ಫ್ಯಾನು ಗಿರಗಿರನೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿರಿ. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚಿರುವ ಪೇಸ್ಟ್ ಹಲವು ವರ್ಷಕ್ಕೆ ಒಣಗಿ ಸುಣ್ಣದಂತಾಗಿರುತ್ತದೆ. ಹಳೆಯದನ್ನು ಒರೆಸಿ ತೊಗರಿ ಕಾಳಿನಷ್ಟು ಹೊಸದನ್ನು ಹಾಕಿದರೆ ಸಾಕು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಕೂಡದು, ಪ್ಲಗ್ ತೆಗೆದ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ ಇಡುವ ಅಭ್ಯಾಸವಿರುವವರು ಮೊದಲು ಅದನ್ನು ಬಿಡಲಿ. ಗಾಳಿಯ ಕಂಡಿ ತಳದಲ್ಲಿರುತ್ತದೆ.

ಇನ್ನು ದೇವದುರ್ಗ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಂಡ ತಾಲ್ಲೂಕು, ಪಂಪ್‌ಸೆಟ್ಟುಗಳೂ ಇವೆ. ಅಲ್ಲಿ ಕಂಡ ಯಂತ್ರಕ್ಕೆ ಬಿಸಿಯ ತೊಂದರೆಯೇ ಇರಲಿಲ್ಲ. ತಂಪು ಹೊತ್ತಿನಲ್ಲೂ ನಿಲ್ಲುತ್ತಿತ್ತು, ನಿಂತ ಕೂಡಲೇ ತಾನಾಗಿ ಮತ್ತೆ ಶುರುವಾಗುತ್ತಿತ್ತು. ಮನೆಯವರು ಒಂದು ವಾರ ಗಂಟೆ ಬರೆದಿಟ್ಟರು. ಮೂರು ಫೇಸ್ ಕರೆಂಟು ಬಂದು ಪಂಪುಗಳು ಒಟ್ಟಿಗೆ ಚಾಲೂ ಆಗುವ ವೇಳೆಗೂ ಕಂಪ್ಯೂಟರ್ ನಿಲ್ಲುವ ವೇಳೆಗೂ ತಾಳೆಯಾಯಿತು. ಮೋಟಾರು ಹೊರಡುವ ಕ್ಷಣದಲ್ಲಿ ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. 230 ವೋಲ್ಟ್ ಇರಬೇಕಾದಲ್ಲಿ ಒಮ್ಮೆಲೇ ಕುಸಿದರೆ ಅಗ್ಗದ ಎಸ್‌ಎಂಪಿಎಸ್ ತಡೆದುಕೊಳ್ಳದು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲೇ ಚಾಲೂ ಆದ ಜಿಲ್ಲೆ ಅದು, ರಾಜ್ಯಕ್ಕೆಲ್ಲ ಬೆಳಕು ಕೊಡುತ್ತದೆ. ಹಳ್ಳಿಯ ತುದಿಯ ಕಂಬಕ್ಕೆ ವೋಲ್ಟೇಜು ತಲುಪುವುದು ಬೇರೆ ಮಾತು. ನಮ್ಮ ಕಣಿವೆಯ ಕೊನೆಯ ಮನೆಗಳಲ್ಲೂ ಇದೇ ಕಥೆ.

ಇಂಥ ಕಡೆ ಬೋರ್ಡು ಬದಲಿಸಿ ಪ್ರಯೋಜನವಿಲ್ಲ, ಒಳ್ಳೆಯ ಯುಪಿಎಸ್ ಬೇಕು. ಭೂಸಂಪರ್ಕದ ಗುಂಡಿಯನ್ನೂ ನೋಡಿಕೊಳ್ಳಿರಿ. ಎರೆಭೂಮಿ ಬೇಸಿಗೆಯಲ್ಲಿ ಬಿರಿದಾಗ ಅದು ಒಣಗಿರುತ್ತದೆ, ನೀರು ಹಾಕುತ್ತಿರಬೇಕು. ದೀಪಗಳು ಒಮ್ಮೆ ಕಣ್ಣು ಕೋರೈಸುವಂತೆ, ಒಮ್ಮೆ ಮಂಕಾಗಿ ಉರಿದರೆ ನ್ಯೂಟ್ರಲ್ ತಂತಿ ಸಡಿಲವಾಗಿರುವ ಸಂಭವವಿದೆ. ಆಗ ಕಂಪ್ಯೂಟರಷ್ಟೇ ಅಲ್ಲ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆದು ಲೈನ್‌ಮನ್ನರನ್ನು ಕರೆಯಿರಿ.

ರಾಯಚೂರು ಪೇಟೆಯಲ್ಲಿ ಕೇಳಿದ್ದು ಮತ್ತೂ ಚಿಕ್ಕ ವಿಷಯ. ಯುಪಿಎಸ್ ಇದ್ದರೂ ಕರೆಂಟು ಕಣ್ಣು ಮಿಟುಕಿಸಿದರೆ ಸಾಕು, ಯಂತ್ರ ಬಂದ್. ಒಳಗಿನ 12 ವೋಲ್ಟಿನ ಬ್ಯಾಟರಿ ಸತ್ತಿತ್ತು. ಸೀಸದ ಬ್ಯಾಟರಿಯ ಆಯುಷ್ಯ, ಉಷ್ಣತೆ 25ಕ್ಕಿಂತ ಸುಮಾರು 10 ಡಿಗ್ರಿ ಏರಿದರೆ ಅರ್ಧಕ್ಕೆ ಇಳಿಯುತ್ತದೆಂದು ಲೆಕ್ಕ. ಕೆಲಸವನ್ನೆಲ್ಲ ಮುಚ್ಚಿ, ಗೋಡೆಯ ಸ್ವಿಚ್ಚು ಆರಿಸಿ ನೋಡಿದರೆ ತಿಳಿಯುತ್ತದೆ. ಲೇಸರ್ ಪ್ರಿಂಟರನ್ನು ಯುಪಿಎಸ್ಸಿಗೆ ಸಿಕ್ಕಿಸಬೇಡಿ, ಅದು ಬಿಸಿಯೇರುವಾಗ ಎಳೆಯುವ ಕರೆಂಟಿಗೆ ಯುಪಿಎಸ್ಸೇ ಕೈ ಚೆಲ್ಲುತ್ತದೆ.

ಒಂದು ಎಚ್ಚರಿಕೆ. ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ ಕರ್ನಲ್ ಪವರ್ 41 ಎಂಬ ಕೆಂಪು ಗುರುತನ್ನು ತೋರಿಸಿ "ಪವರ್ ಸಪ್ಲೈ ಹೋಗಿದೆ" ಎನ್ನುವವರಿದ್ದಾರೆ. ಯಂತ್ರ ಸರಿಯಾದ ಕ್ರಮದಲ್ಲಿ ಮುಚ್ಚಲಿಲ್ಲ ಎಂಬುದಷ್ಟೇ ಆ 41ರ ಅರ್ಥ. ಏಕೆ ಎಂದು ಅದು ಹೇಳುವುದಿಲ್ಲ. ಅಂಗಡಿಗೆ ಒಯ್ಯುವ ಮುನ್ನ ಒಂದು ವಾರ ದಿನ, ಗಂಟೆ, ಆಗಿನ ಸೆಖೆ, ಮಾಡುತ್ತಿದ್ದ ಕೆಲಸ, ಆಮೇಲೆ ತಾನಾಗಿ ಹೊರಟಿತೇ ಇಲ್ಲವೇ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಳ್ಳಿರಿ. ಚೀಟಿ ಹಿಡಿದು ಹೋದ ಗಿರಾಕಿಗೆ ಬೋರ್ಡು ಮಾರುವುದು ಕಷ್ಟ.

ಮಾನ್ವಿಯ ಯಂತ್ರ ಶುಚಿಯಾದ ಮೇಲೆ ಆ ಮೇ ತಿಂಗಳು ಪೂರ್ತಿ ನಡೆಯಿತು. ಹಾಳಾದ ಕಡತ ಸಿಗಲಿಲ್ಲ; ರಟ್ಟಿನ ಪುಸ್ತಕ ನೋಡಿ ಮಗ ನಾಲ್ಕು ಭಾನುವಾರ ಕೂತು ಮತ್ತೆ ಬರೆದ. ಈಗ ಪ್ರತಿ ಬಟವಾಡೆಯ ನಂತರ ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕುತ್ತಾನೆ, ತಂದೆ ಪುಸ್ತಕವನ್ನೂ ಬಿಟ್ಟಿಲ್ಲ.

ಸಂಘದ ಕಚೇರಿಯಲ್ಲಿ ಒಂದು ಕೈ ಬ್ಲೋವರ್, ಕುಂಚ ಮತ್ತು ಪೇಸ್ಟಿನ ಟ್ಯೂಬು ಇಟ್ಟಿದ್ದೇವೆ. ಸದಸ್ಯರು ರಿಜಿಸ್ಟರಿನಲ್ಲಿ ರುಜು ಹಾಕಿ ಎರಡು ದಿನದ ಮಟ್ಟಿಗೆ ಒಯ್ಯಬಹುದು. ಕೊಯ್ಲಿನ ಕಾಲದಲ್ಲಿ ಒಂದೇ ದಿನ.