ಪ್ರೊಸೆಸರ್ ಬದಲಿಸೋಣ ಅಂತ ಹೊರಟಿದ್ದೆ

ಅಕ್ಕ ಸರ್ಕಾರಿ ಕೆಲಸಕ್ಕೆ ಅರ್ಜಿ ತುಂಬುತ್ತಿದ್ದಳು. ಫೋಟೊ, ಸಹಿ ಎಲ್ಲ ಅಪ್‌ಲೋಡ್ ಆಗಿ ಶುಲ್ಕ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ನಮ್ಮ ಮನೆಯ ಡೆಸ್ಕ್‌ಟಾಪ್ ಕಲ್ಲಾಯಿತು. ಮೌಸ್ ಕೂಡ ಅಲ್ಲಾಡಲಿಲ್ಲ. ‘ನೀನು ಕಂಪ್ಯೂಟರ್ ಸೈನ್ಸ್ ಓದ್ತಿರೋದಾದ್ರೂ ಯಾಕೆ?’ ಎಂದು ಬೈದು, ಸೈಬರ್ ಸೆಂಟರ್‌ಗೆ ಓಡಿದಳು. ಕೊನೆಯ ದಿನ ಬೇರೆ. ಪ್ರೊಸೆಸರ್ ಬದಲಿಸಲೇಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ನಮ್ಮದು ಕೋರ್ 2 ಡ್ಯುಯೊ ಇ7500. 2009ರಲ್ಲಿ ಬಂದ ಚಿಪ್, ಎರಡು ಕೋರ್. ಅದೇ ಎಲ್‌ಜಿಎ 775 ಸಾಕೆಟ್‌ನಲ್ಲಿ ಕೂರುವ ಕೋರ್ 2 ಕ್ವಾಡ್ ಕ್ಯೂ9550ಗೆ ನಾಲ್ಕು ಕೋರ್. ಕ್ಯಾಶ್ 3 ಎಂಬಿ ಬದಲು 12 ಎಂಬಿ. ಸ್ಕಾಲರ್‌ಶಿಪ್‌ನಲ್ಲಿ ಉಳಿಸಿದ್ದ ಮೂರು ಸಾವಿರ ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿನ ಎಸ್‌.ಪಿ. ರೋಡ್‌ಗೆ ಹೋದೆ.

ಅಂಗಡಿಯವರು ಬೆಲೆ ಹೇಳುವ ಮೊದಲು ಕೇಳಿದ್ದು ‘ಬೋರ್ಡ್ ಯಾವುದು?’ ಎಂದು. ನನಗೆ ಗೊತ್ತಿರಲಿಲ್ಲ. ಸಾಕೆಟ್ ಒಂದೇ ಆದರೆ ಸಾಲದಂತೆ. ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ಆ ಪ್ರೊಸೆಸರ್ ಇರಬೇಕು, ಬಯಾಸ್ ಅದನ್ನು ಗುರುತಿಸಬೇಕು. ನಮ್ಮದು 65 ವ್ಯಾಟ್‌ನದು, ಕ್ವಾಡ್ 95 ವ್ಯಾಟ್‌ನದು. ಹಳೇ ಫ್ಯಾನ್ ಆ ಬಿಸಿ ತಡೆಯಬೇಕಲ್ಲ. ‘ನಂಬರ್ ನೋಡ್ಕೊಂಡು ಬನ್ನಿ, ಆಮೇಲೆ ದುಡ್ಡು ಕೊಡಿ’ ಎಂದು ವಾಪಸ್ ಕಳಿಸಿದರು. ಬಂದ ಗಿರಾಕಿಯನ್ನು ಹೀಗೆ ಕಳಿಸುವವರೂ ಇದ್ದಾರೆ!

ಮನೆಗೆ ಬಂದು ಕ್ಯಾಬಿನೆಟ್ ಬಿಚ್ಚಿ, ಧೂಳು ಒರೆಸಿ, ನಂಬರ್ ಓದಿದೆ. ಪಟ್ಟಿಯಲ್ಲಿ ಕ್ಯೂ9550 ಇತ್ತು. ಖುಷಿಯಾಯಿತು. ಮತ್ತೆ ಹೊರಡುವ ಮುಂಚೆ ಯಾಕೋ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ಅಕ್ಕ ಅವತ್ತು ತೆರೆದಿದ್ದ ಪುಟಗಳನ್ನೆಲ್ಲ ತೆರೆದೆ. ಪ್ರೊಸೆಸರ್ ಶೇ 30ರ ಆಸುಪಾಸಿನಲ್ಲಿ ಆರಾಮಾಗಿತ್ತು. ಹಾರ್ಡ್ ಡಿಸ್ಕ್ ಮಾತ್ರ ಶೇ 100. ಇದ್ದ 2 ಜಿಬಿ ರ‍್ಯಾಮ್ ತುಂಬಿ, ವಿಂಡೋಸ್ ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸುತ್ತಿತ್ತು. ತಿರುಗುವ ಡಿಸ್ಕ್‌ನ ಮುಳ್ಳು ಸೆಕೆಂಡಿಗೆ ನೂರು ಚಿಲ್ಲರೆ ಕಡೆ ಓಡಾಡಿದರೆ ಹೆಚ್ಚು. ಮದುವೆ ಮನೆಯಲ್ಲಿ ತರಕಾರಿಯೇ ಬಂದಿಲ್ಲ, ನಾನು ಇನ್ನಿಬ್ಬರು ಅಡುಗೆಯವರನ್ನು ಕರೆಸಲು ಹೊರಟಿದ್ದೆ.

ನಿಜ ಹೇಳಬೇಕೆಂದರೆ ಅಕ್ಕನ ಅರ್ಜಿ ಒಂದು ನೆಪ. ನನಗೆ ಮಷೀನ್ ಲರ್ನಿಂಗ್ ಪ್ರಾಜೆಕ್ಟ್‌ಗೆ ಟೆನ್ಸರ್‌ಫ್ಲೋ ಬೇಕಿತ್ತು. ಅದನ್ನು ಹಾಕಿ ನಡೆಸಿದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಂತುಬಿಡುತ್ತಿತ್ತು. ಕಾರಣ ಹುಡುಕಿದಾಗ ತಿಳಿಯಿತು: 2018ರ 1.6ನೇ ಆವೃತ್ತಿಯಿಂದ ಅದರ ಸಿದ್ಧ ಪ್ಯಾಕೇಜ್‌ಗಳಿಗೆ ಎವಿಎಕ್ಸ್ ಆದೇಶಗಳು ಬೇಕು. ಇಂಟೆಲ್ ಅವನ್ನು ತಂದದ್ದು 2011ರ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್‌ಗಳಲ್ಲಿ. ಕೋರ್ 2 ಕ್ವಾಡ್‌ನಲ್ಲೂ ಅವಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿ ಕೇಳುವ ಪಾಪ್‌ಕೌಂಟ್ ಆದೇಶವೂ ಇಲ್ಲ. ಅಂದರೆ ದುಡ್ಡು ಕೊಟ್ಟು ತಂದರೂ ಅದೇ ಬಾಗಿಲ ಮುಂದೆ ನಿಲ್ಲುತ್ತಿದ್ದೆ. ಎವಿಎಕ್ಸ್ ಬೇಕೆಂದರೆ ಬೋರ್ಡ್, ಪ್ರೊಸೆಸರ್, ಹೆಚ್ಚುಕಡಿಮೆ ಎಲ್ಲವೂ ಬದಲಾಗಬೇಕು.

ಎರಡನೇ ಸಲ ಎಸ್‌.ಪಿ. ರೋಡ್‌ಗೆ ಹೋದಾಗ 256 ಜಿಬಿ ಎಸ್‌ಎಸ್‌ಡಿ, 2 ಜಿಬಿಯ ಎರಡು ಹಳೇ ರ‍್ಯಾಮ್ ತಂದೆ. ಒಟ್ಟು 2,200 ರೂಪಾಯಿ. ನಮ್ಮ ಬೋರ್ಡ್‌ನ ಸಾಟಾ ಹಳೆಯದು, ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ. ಆದರೂ ನಾಲ್ಕು ನಿಮಿಷ ಹಿಡಿಯುತ್ತಿದ್ದ ಬೂಟ್ ಈಗ ಮುಕ್ಕಾಲು ನಿಮಿಷಕ್ಕೆ ಮುಗಿಯುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದ್ದರಿಂದ ಲಿನಕ್ಸ್ ಮಿಂಟ್ ಹಾಕಿದೆ. ಟೆನ್ಸರ್‌ಫ್ಲೋ ಕೆಲಸವನ್ನು ಬ್ರೌಸರ್‌ನಲ್ಲಿ ಗೂಗಲ್ ಕೊಲ್ಯಾಬ್‌ನಲ್ಲಿ ಮಾಡುತ್ತಿದ್ದೇನೆ.

ಯೂಟ್ಯೂಬ್‌ನಲ್ಲಿ 1080 ಹಾಕಿದರೆ ಈಗಲೂ ವಿಡಿಯೊ ತಡವರಿಸುತ್ತದೆ. ಅಲ್ಲಿ ಮಾತ್ರ ಪ್ರೊಸೆಸರ್ ನಿಜಕ್ಕೂ ಶೇ 100 ಮುಟ್ಟುತ್ತದೆ, ಕ್ವಾಡ್ ಇದ್ದಿದ್ದರೆ ಅನುಕೂಲವಾಗುತ್ತಿತ್ತು. ಉಳಿದ ಎಂಟುನೂರು ರೂಪಾಯಿ ನೋಡಿದಾಗಲೆಲ್ಲ ಕೈ ತುರಿಸುತ್ತದೆ. ಸದ್ಯ 480ರಲ್ಲೇ ನೋಡುತ್ತಿದ್ದೇನೆ.

ಮೊನ್ನೆ ಅಕ್ಕನ ಹಾಲ್ ಟಿಕೆಟ್ ಇದರಲ್ಲೇ ಡೌನ್‌ಲೋಡ್ ಆಯಿತು. ಪ್ರಿಂಟರ್ ಇಲ್ಲದ್ದರಿಂದ ಸೈಬರ್ ಸೆಂಟರ್‌ಗೆ ಹೋಗುವುದು ಮಾತ್ರ ತಪ್ಪಲಿಲ್ಲ.