ಪಿಕಪ್ಪೂ ಬೇಕು, ಮನೆಮಂದಿಯೂ ಕೂರಬೇಕು: ಹಳೇ ಟರ್ಬೊ ಕಾರು ಕೊಳ್ಳುವ ಮುನ್ನ

ಚಿಗಟೇರಿ: ಮೆಕ್ಕೆಜೋಳ ಮಾರಿದ ದುಡ್ಡು ಕೈಗೆ ಬಂದ ಮೇಲೆ ಹರಪನಹಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಮಾತು ಶುರುವಾಗುತ್ತದೆ. ಅಪ್ಪನಿಗೆ ದಾವಣಗೆರೆ ಆಸ್ಪತ್ರೆಗೆ ಹೋಗಿಬರಲು, ಕೊಟ್ಟೂರು ತೇರಿಗೆ ಮನೆಮಂದಿ ಕರೆದೊಯ್ಯಲು ಒಂದು ಗಾಡಿ ಬೇಕು. ಮಗನ ಲೆಕ್ಕ ಬೇರೆ. ಕಾಲಿಟ್ಟರೆ ಎಳೆಯುವ ಗಾಡಿ ಬೇಕು ಅಂತಾನೆ. ಮೊಬೈಲ್ ತೆಗೆದು, ಹೊಸ ಸಣ್ಣ ಕಾರಿನ ರೇಟಿಗೇ ಟರ್ಬೊ ಕಾರು ಸಿಗ್ತದೆ ನೋಡಿ ಅಂತ ತೋರಿಸ್ತಾನೆ.

ಮಗ ಹೇಳೋದು ಸುಳ್ಳಲ್ಲ. ನಾಲ್ಕರಿಂದ ಏಳು ಲಕ್ಷದೊಳಗೆ ನಾಲ್ಕು ಜನ ಕೂರುವ, ಚೆನ್ನಾಗಿ ಎಳೆಯುವ ಕಾರು ಹುಡುಕಿದರೆ ಸಿಗುತ್ತದೆ. ಆದರೆ ಕೊಂಡ ಬೆಲೆ ಒಂದು, ಎರಡು ವರ್ಷ ಇಟ್ಟುಕೊಂಡ ಮೇಲಿನ ಬೆಲೆ ಇನ್ನೊಂದು. ಎರಡನೆಯದನ್ನು ನಿರ್ಧರಿಸುವುದು ಕಾರಿನ ಹೆಸರಿಗಿಂತ ಹೆಚ್ಚಾಗಿ ಅದರ ಗೇರ್‌ಬಾಕ್ಸ್ ಮತ್ತು ಹಿಂದೆ ಅದನ್ನು ಓಡಿಸಿದ ಕೈ.

ಮೊದಲು 'ಪಿಕಪ್' ಅಂದರೇನು ನೋಡೋಣ. 2018ರ ಸ್ವಿಫ್ಟ್ ಪೆಟ್ರೋಲ್‌ನ ಶಕ್ತಿ 83 ಪಿಎಸ್, ಎಳೆತ 113 ನ್ಯೂಟನ್ ಮೀಟರ್. ಒಬ್ಬನೇ ಕೂತರೆ ಚುರುಕಾಗಿಯೇ ಓಡ್ತದೆ. ನಾಲ್ವರು ಕೂತರೆ 280 ಕೆ.ಜಿ. ಹೆಚ್ಚಾಯಿತು, ಮೇಲೆ ಡಿಕ್ಕಿ ತುಂಬ ಸಾಮಾನು. ಲಾರಿ ಓವರ್‌ಟೇಕ್ ಮಾಡಲು ಹೋದಾಗ ಗೇರ್ ಇಳಿಸಿ ಎಂಜಿನ್ ಕೂಗಿಸಬೇಕಾಗುತ್ತದೆ. ಟರ್ಬೊ ಎಂಜಿನ್ ಕಡಿಮೆ ಸುತ್ತಿನಲ್ಲೇ ಎಳೆತ ಕೊಡುವುದರಿಂದ ಈ ಪಾಡು ಕಡಿಮೆ. ಮನೆಮಂದಿ ಕೂರುವ ಕಾರಿಗೆ ಹಾಗಾಗಿ ಟಾಪ್ ಸ್ಪೀಡ್‌ಗಿಂತ ಈ ಎಳೆತವೇ ಉಪಯೋಗ.

ಹುಡುಗರ ಬಾಯಲ್ಲಿ ಮೊದಲು ಬರುವ ಹೆಸರು ಫೋಕ್ಸ್‌ವ್ಯಾಗನ್ ಪೋಲೊ. ಇದರಲ್ಲೇ ಎಡವುವವರು ಹೆಚ್ಚು, ಯಾಕಂದ್ರೆ ಒಂದೇ ಹೆಸರಿನಡಿ ಬೇರೆ ಬೇರೆ ಗಾಡಿಗಳಿವೆ. 2013ರಲ್ಲಿ ಬಂದ ಜಿಟಿ ಟಿಎಸ್‌ಐಗೆ 1.2 ಲೀಟರ್ ಟರ್ಬೊ, 105 ಪಿಎಸ್, 175 ನ್ಯೂಟನ್ ಮೀಟರ್, ಜೊತೆಗೆ 7 ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಓಡಿಸಲು ಸೊಗಸು. ಆದರೆ ಆ ಡಿಎಸ್‌ಜಿ ಒಳಗೆ ಎರಡು ಒಣ ಕ್ಲಚ್‌ಗಳು, ಅವುಗಳನ್ನು ನಡೆಸುವ ಮೆಕಾಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಭಾಗ ಇರುತ್ತವೆ. ಬೇಸಿಗೆಯಲ್ಲಿ, ಟ್ರಾಫಿಕ್‌ನಲ್ಲಿ ನಿಂತು ತೆವಳುತ್ತ ಹೋದ ಗಾಡಿಯಾದರೆ ಇವು ಬೇಗ ಬಳಲುತ್ತವೆ. ಮೆಕಾಟ್ರಾನಿಕ್ ಬದಲಿಸಬೇಕಾಗಿ ಬಂದರೆ ಬಿಲ್ಲು ಲಕ್ಷ ದಾಟುವುದು ಅಪರೂಪವಲ್ಲ. ಊರ ಗ್ಯಾರೇಜಿನಲ್ಲಿ ಬಿಚ್ಚುವ ವಸ್ತುವಂತೂ ಅಲ್ಲ. ಬೆಂಗಳೂರಿನ ಹಳೇ ಜಿಟಿ ಅಗ್ಗಕ್ಕೆ ಬಂತು ಅಂದರೆ, ಯಾಕೆ ಅಗ್ಗ ಅಂತ ಕೇಳಿ.

2020ರಲ್ಲಿ ಪೋಲೊಗೆ 1.0 ಲೀಟರ್ ಟಿಎಸ್‌ಐ ಬಂತು. 110 ಪಿಎಸ್, ಅದೇ 175 ನ್ಯೂಟನ್ ಮೀಟರ್. ಆಟೊಮ್ಯಾಟಿಕ್‌ನಲ್ಲಿ ಡಿಎಸ್‌ಜಿ ಹೋಗಿ ಟಾರ್ಕ್ ಕನ್ವರ್ಟರ್ ಬಂತು, 6 ಗೇರಿನ ಮ್ಯಾನುಯಲ್ಲೂ ಸಿಕ್ಕಿತು. 2022ರಲ್ಲಿ ಪೋಲೊ ತಯಾರಿಕೆ ನಿಂತಿತು. ಬಜೆಟ್ ಏಳು ಲಕ್ಷದವರೆಗೂ ಹೋಗುವುದಾದರೆ ಈ ಎರಡು ವರ್ಷಗಳ ಮ್ಯಾನುಯಲ್ ಗಾಡಿಯೇ ಮೊದಲ ಆಯ್ಕೆ. ಹಿಂದಿನ ಸೀಟಿನಲ್ಲಿ ಕಾಲಿಗೆ ಜಾಗ ಕಡಿಮೆ ಎನ್ನುವುದೊಂದು ಕೊರತೆ. ಎತ್ತರದವರನ್ನು ಹಿಂದೆ ಕೂರಿಸಿ ನೋಡಿಯೇ ಅಡ್ವಾನ್ಸ್ ಕೊಡಬೇಕು.

ಸರ್ವೀಸ್‌ಗೆ ದೂರ ಹೋಗಲಾರೆ ಅನ್ನುವವರಿಗೆ ಮಾರುತಿ ಬಲೆನೊ ಆರ್‌ಎಸ್ ಇದೆ. 2017ರಲ್ಲಿ ಬಂದದ್ದು, 1.0 ಬೂಸ್ಟರ್‌ಜೆಟ್ ಎಂಜಿನ್, 102 ಪಿಎಸ್, 150 ನ್ಯೂಟನ್ ಮೀಟರ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಹಿಂದೆ ಕಾಲು ಚಾಚಿ ಕೂರುವಷ್ಟು ಜಾಗ. ಹೆಚ್ಚು ಮಾರಾಟವಾಗದೆ 2020ರಲ್ಲಿ ನಿಂತಿತು, ಹಾಗಾಗಿ ಹುಡುಕಲು ತಾಳ್ಮೆ ಬೇಕು.

ಡೀಸೆಲ್ ಒಪ್ಪುವವರಿಗೆ ಫೋರ್ಡ್ ಫಿಗೊ 1.5. 100 ಪಿಎಸ್, 215 ನ್ಯೂಟನ್ ಮೀಟರ್. ನಾಲ್ವರು ಕೂತರೂ ಗೊತ್ತಾಗದಂತೆ ಎಳೆಯುತ್ತದೆ, ಮೈಲೇಜೂ ಕೊಡುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದರಿಂದ ಜನ ಹೆದರಿದರು, ಬೆಲೆ ಇಳಿಯಿತು. ಬಿಡಿಭಾಗ ಯಾರಲ್ಲಿ ಸಿಗುತ್ತೆ ಅಂತ ಮೊದಲೇ ಗೊತ್ತುಮಾಡಿಕೊಂಡವರಿಗೆ ಇದು ಲಾಭದ ವ್ಯಾಪಾರ.

ಇನ್ನು ಫಿಯೆಟ್‌ನ ಅಬಾರ್ತ್ ಪುಂಟೊ. 145 ಪಿಎಸ್. ಮನಸ್ಸು ಕದಿಯುವ ಗಾಡಿ, ನೆಲದಿಂದ ಎತ್ತರ ಮಾತ್ರ 155 ಮಿ.ಮೀ. ಹಳ್ಳಿಗೊಂದರಂತೆ ಇರುವ ರೋಡ್ ಹಂಪ್‌ಗಳ ಮೇಲೆ ನಾಲ್ವರನ್ನು ಕೂರಿಸಿಕೊಂಡು ಹೋದರೆ ಕೆಳಗೆ ಉಜ್ಜುವ ಸದ್ದು ಕೇಳಿಸುತ್ತದೆ. ಕಂಪನಿಯ ಕಾರು ಮಾರಾಟವೇ ಇಲ್ಲಿ ನಿಂತಿದೆ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದವರಿಗಷ್ಟೇ ಇದು.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಬೇಕು, ಮಾರುವವರು ಸ್ಟಾರ್ಟ್ ಮಾಡುವ ಮುಂಚೆ. ಬಾನೆಟ್ ಮೇಲೆ ಕೈ ಇಟ್ಟಾಗ ಬೆಚ್ಚಗಿದ್ದರೆ ಏನೋ ಮುಚ್ಚಿಡ್ತಿದ್ದಾರೆ ಅಂತ ಅನುಮಾನಿಸಬಹುದು. ತಣ್ಣನೆಯ ಎಂಜಿನ್ ಚಾಲೂ ಆದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಟರ್ಬೊಗೆ ಆಯಿಲ್ಲೇ ಜೀವ. ಕಾಲಕ್ಕೆ ಸರಿಯಾಗಿ ಆಯಿಲ್ ಬದಲಿಸಿದ ದಾಖಲೆ ಇಲ್ಲದ ಗಾಡಿಯನ್ನು ಎಷ್ಟು ಹೊಳೆದರೂ ಬಿಟ್ಟುಬಿಡುವುದೇ ವಾಸಿ. ಮೀಟರ್ ತಿರುಗಿಸಿರಬಹುದು, ಅದಕ್ಕೇ ಅಧಿಕೃತ ಸರ್ವೀಸ್ ಸೆಂಟರ್‌ನ ದಾಖಲೆಯಲ್ಲಿರುವ ಕಿ.ಮೀ. ತಾಳೆ ಹಾಕಬೇಕು. ಟೈರ್ ಬದಿಯ ನಾಲ್ಕು ಅಂಕಿಯನ್ನೂ ಓದಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ ಟೈರ್‌ನ ಖರ್ಚನ್ನು ಬೆಲೆಯಲ್ಲೇ ಮುರಿಸಿಕೊಳ್ಳಬೇಕು.

'ರೀಮ್ಯಾಪ್ ಮಾಡಿಸಿದ್ದೀನಿ, 30 ಪಿಎಸ್ ಜಾಸ್ತಿ' ಅಂತ ಮಾರುವವ ಹೆಮ್ಮೆಯಿಂದ ಹೇಳಿದರೆ ಅದು ಬೆಲೆ ಇಳಿಸುವ ಮಾತೇ ಹೊರತು ಏರಿಸುವುದಲ್ಲ. ಕ್ಲಚ್, ಗೇರ್‌ಬಾಕ್ಸ್ ಎರಡಕ್ಕೂ ಪೆಟ್ಟು. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲು ದಾರಿಯೂ ಆಗುತ್ತದೆ.

ದೆಹಲಿ ಗಾಡಿಗಳ ವಿಷಯ ಬೇರೆ. ಅಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ವಾಹನಗಳಿಗೆ ನಿರ್ಬಂಧ ಬಂದದ್ದರಿಂದ ಅಗ್ಗಕ್ಕೆ ಹೊರಬರುತ್ತವೆ. ಆದರೆ ಫಾರಂ 28ರ ಎನ್‌ಒಸಿ, ಕರ್ನಾಟಕದ ಜೀವಾವಧಿ ತೆರಿಗೆ, ಹೊಸ ನೋಂದಣಿ ಸೇರಿಸಿ ಲೆಕ್ಕ ಹಾಕಿದರೆ ಉಳಿತಾಯ ಕರಗಿಹೋಗುತ್ತದೆ. ಕೆಎ-35 ಅಥವಾ ಕೆಎ-17 ನಂಬರಿನ ಗಾಡಿಯಾದರೆ ಫಾರಂ 29, 30 ಸಾಕು. ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೂಡ ಬೇಕು.

ಕಾಗದದ ಕೆಲಸ ಆಮೇಲೆ ಮಾಡಿಸಿದರಾಯ್ತು ಅಂತ ಹಳೇ ಮಾಲೀಕನ ಹೆಸರಲ್ಲೇ ತಿಂಗಳುಗಟ್ಟಲೆ ಓಡಿಸುವುದು ನಡೆದೇ ಇದೆ. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ಆರ್‌ಸಿ ಯಾರ ಹೆಸರಲ್ಲಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದರಿಂದ ಮಾರಿದವರಿಗೂ ಇದು ಕುತ್ತಿಗೆಗೆ ಬರುತ್ತದೆ. ವಿಮೆ ಹಳೇ ಹೆಸರಲ್ಲೇ ಉಳಿದರೆ ಕೊಂಡವರ ಸ್ವಂತ ಗಾಡಿಯ ನಷ್ಟಕ್ಕೆ ಹಣ ಸಿಗುವುದು ಕಷ್ಟ. ಹಳೇ ಮಾಲೀಕನ ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ, ಆದ್ದರಿಂದ ವಿಮೆ ಹೆಸರು ಬದಲಿಸುವಾಗ ಆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ. ಪೂರ್ತಿ ಹಣ ಕೊಡುವ ಮುಂಚೆ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ಬಾಕಿ ದಂಡ ಎಷ್ಟಿದೆ ನೋಡಿ. ಜೋರಾಗಿ ಓಡಿದ ಗಾಡಿಯಾದರೆ ಅದರ ಚರಿತ್ರೆ ಅಲ್ಲೂ ಸಿಗಬಹುದು.